ಯಾದವಗಿರಿಯ ಮೋಟಾರು ಸೈಕಲ್ಲುಗಳೂ ಅವುಗಳನ್ನು ಉಳಿಸಿದ ಕಸಬುದಾರರೂ

ಒಂದು ವಸ್ತುವಿನ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅದನ್ನು ಮಾಡಿದವರ ಚರಿತ್ರೆಯನ್ನು ಬರೆದು ಅಲ್ಲಿಗೇ ಮುಗಿಸಿಬಿಡುವರು. ದೇವಾಲಯವೊಂದನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ನಿಲ್ಲುವುದು. ಜೀರ್ಣೋದ್ಧಾರ ಮಾಡಿಸಿದವನ ಹೆಸರು ಎಲ್ಲಿಯೋ ಒಂದು ಸಾಲಿನಲ್ಲಿ ಬಂದರೆ ಅದೇ ಹೆಚ್ಚು. ಸೋರುವ ಮಾಳಿಗೆಗೆ ಮಳೆಗಾಲ ಬರುವ ಮುನ್ನ ವರ್ಷವರ್ಷವೂ ಗಾರೆ ಮೆತ್ತಿದವನ ಹೆಸರಾದರೋ ಯಾರಿಗೂ ತಿಳಿಯದು. ಆದರೂ ಗುಡಿಯು ಇಂದಿಗೂ ನಿಂತಿರುವುದಕ್ಕೆ ಆ ಮೂರನೆಯವನೇ ಮುಖ್ಯವಾದ ಕಾರಣ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಎಂಬ ಮೋಟಾರು ಸೈಕಲ್ಲುಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದು. ಅವುಗಳನ್ನು ಮಾಡಿದ ಕಾರ್ಖಾನೆಯು ಬದುಕಿದ್ದುದು ಸುಮಾರು ೩೫ ವರ್ಷಗಳ ಕಾಲ. ಅದು ಬಾಗಿಲು ಮುಚ್ಚಿ ಈಗ ಸುಮಾರು ೩೦ ವರ್ಷಗಳಾಗುತ್ತ ಬಂದಿವೆ. ಈ ಎರಡನೆಯ ಅವಧಿಯಲ್ಲಿ ಆ ಗಾಡಿಗಳನ್ನು ರಸ್ತೆಯ ಮೇಲೆ ಓಡಿಸಿಕೊಂಡು ಬಂದವರು ಯಾವ ಕಂಪೆನಿಯವರೂ ಅಲ್ಲ, ಯಾವ ಸರ್ಕಾರವೂ ಅಲ್ಲ. ಊರೂರುಗಳ ಗಲ್ಲಿಗಳಲ್ಲಿ ಸಣ್ಣ ಮಳಿಗೆಗಳನ್ನಿಟ್ಟುಕೊಂಡು, ಮಸಿಹತ್ತಿದ ಕೈಗಳಿಂದ ದುಡಿಯುವ ಸ್ವತಂತ್ರ ಕಸಬುದಾರರು. ಅವರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ.

೧

ಜಾವಾ ಎಂಬ ಹೆಸರನ್ನು ಕೇಳಿದವರು ಅದಕ್ಕೂ ಜಾವಾ ದ್ವೀಪಕ್ಕೂ ಸಂಬಂಧವುಂಟೆಂದು ಭಾವಿಸುವುದುಂಟು, ಅದು ಸರಿಯಲ್ಲ. ಮಧ್ಯ ಯೂರೋಪಿನ ಚೆಕೊಸ್ಲೊವಾಕಿಯದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರೋಪಕರಣ ತಯಾರಕನಿದ್ದನು. ಮೊದಲನೆಯ ಮಹಾಯುದ್ಧವು ಮುಗಿದು ಶಸ್ತ್ರಗಳಿಗೆ ಬೇಡಿಕೆ ಕುಗ್ಗಿದ ಬಳಿಕ ಅವನು ಬೇರೊಂದು ಉದ್ಯಮವನ್ನು ಅರಸಿ, ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ಲೊಂದರ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಅವನು ಇಟ್ಟ ಹೆಸರೇ ಜಾವಾ. ಆ ಮೊದಲ ಗಾಡಿಯು ಭಾರವಾದುದು, ಬೆಲೆಯೂ ಹೆಚ್ಚು, ಜನಸಾಮಾನ್ಯರಿಗೆ ನಿಲುಕಲಿಲ್ಲ. ೧೯೩೨ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಕಂಪೆನಿಯ ಚಿಕ್ಕ ಇಂಜಿನನ್ನು ಅಳವಡಿಸಿ ಅಗ್ಗವಾದ ಗಾಡಿಯೊಂದನ್ನು ಹೊರತಂದ ಮೇಲೆಯೇ ಕಂಪೆನಿಯು ನೆಲೆಗೊಂಡಿತು. ಸರಳವಾದುದು, ಅಗ್ಗವಾದುದು, ಬಳಸುವವನೇ ಬಿಚ್ಚಿ ಕಟ್ಟಬಹುದಾದುದು ಎಂಬ ಗುಣವು ಅಂದಿನಿಂದ ಜಾವಾದ ಹುಟ್ಟುಗುಣವಾಯಿತು.

ಯಾನೆಚೆಕ್ ೧೯೪೧ರಲ್ಲಿ ತೀರಿಕೊಂಡನು. ಆಗ ಅವನ ದೇಶವು ಜರ್ಮನರ ವಶದಲ್ಲಿದ್ದಿತು. ಕಾರ್ಖಾನೆಯ ಶಿಲ್ಪಿಗಳು ಆ ಕಷ್ಟಕಾಲದಲ್ಲಿಯೂ ಯುದ್ಧಾನಂತರದ ದಿನಗಳಿಗಾಗಿ ಹೊಸ ಗಾಡಿಯೊಂದನ್ನು ಗುಟ್ಟಾಗಿ ರೂಪಿಸುತ್ತಿದ್ದರು. ೧೯೪೬ರಲ್ಲಿ ಅದು ೨೫೦ ಘನ ಸೆಂಟಿಮೀಟರಿನ ಪೇರಾಕ್ ಎಂಬ ಹೆಸರಿನಿಂದ ಹೊರಬಂದಿತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗಿದ್ದುದರಿಂದ ಆ ಹೆಸರು ಬಂದಿತು. ೧೯೫೪ರಲ್ಲಿ ಹಿಂದಿನ ಚಕ್ರವನ್ನು ತೂಗುವ ತೋಳಿನ ಮೇಲೆ ನಿಲ್ಲಿಸಿದ ಹೊಸ ಮಾದರಿಯು ಬಂದಿತು. ಅದನ್ನು ಚೆಕ್ ಜನರು ಕೀವಾಚ್ಕಾ, ಎಂದರೆ ತೂಗುವುದು ಎಂದು ಕರೆದರು. ಮೈಸೂರಿಗೆ ಬಂದುದು ಈ ಮಾದರಿಯೇ.

೨

ನಮ್ಮ ದೇಶದಲ್ಲಿ ೧೯೫೦ರ ದಶಕದ ನಡುಭಾಗದಲ್ಲಿ ವಿದೇಶೀ ಮೋಟಾರು ಸೈಕಲ್ಲುಗಳ ಆಮದಿಗೆ ಸರ್ಕಾರವು ತಡೆಯೊಡ್ಡಿತು. ಬೇಕಾದವರು ಇಲ್ಲಿಯೇ ಕಾರ್ಖಾನೆ ಹಾಕಿ ಮಾಡಬೇಕೆಂಬುದು ಅಂದಿನ ನೀತಿ. ಮದರಾಸಿನಲ್ಲಿ ೧೯೫೫ರಲ್ಲಿ ಎನ್‌ಫೀಲ್ಡ್ ಕಂಪೆನಿಯು ಸ್ಥಾಪಿತವಾಯಿತು. ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಪಾರಸಿ ಮನೆತನದ ರುಸ್ತುಂ ಇರಾನಿಯವರೂ ಫರೋಖ್ ಇರಾನಿಯವರೂ ಚೆಕ್ ಕಂಪೆನಿಯಿಂದ ಅನುಮತಿ ಪಡೆದು, ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಆಕಾಶವಾಣಿಯ ನಿಲಯವಿರುವ ಯಾದವಗಿರಿಯಲ್ಲಿಯೇ ಕಾರ್ಖಾನೆಯೂ ಎದ್ದಿತು. ೧೯೬೧ರಲ್ಲಿ, ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು.

ಮೈಸೂರು ಅಂತಹ ಉದ್ಯಮಕ್ಕೆ ತಕ್ಕ ನೆಲವಾಗಿದ್ದುದು ಆಕಸ್ಮಿಕವಲ್ಲ. ಗಂಧದೆಣ್ಣೆ, ರೇಷ್ಮೆ ಮೊದಲಾದ ಕಾರ್ಖಾನೆಗಳು ಆ ನಗರದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಿಂದಲೇ ನಡೆದುಬಂದಿದ್ದುವು. ೧೯೨೪ರಲ್ಲಿ ಸ್ಥಾಪಿತವಾದ ರೈಲ್ವೆಯ ಕಾರ್ಯಾಗಾರವು ಫಿಟ್ಟರುಗಳು, ಲೇತಿನ ಕೆಲಸಗಾರರು, ಎರಕದವರು ಮುಂತಾದ ಕುಶಲಕರ್ಮಿಗಳ ಒಂದು ಪರಂಪರೆಯನ್ನೇ ಬೆಳೆಸಿದ್ದಿತು. ಕಬ್ಬಿಣದ ಕೆಲಸವನ್ನು ಅಳತೆಗೆ ತಪ್ಪದೆ ಮಾಡಬಲ್ಲ ಕೈಗಳು ಊರಿನಲ್ಲಿ ಆಗಲೇ ಇದ್ದುವು.

ಮೊದಲು ಜಾವಾ ಎಂಬ ಹೆಸರಿನಿಂದಲೇ ಗಾಡಿಗಳು ಹೊರಬಂದುವು. ೧೯೭೦ರ ದಶಕದ ಮೊದಲ ಭಾಗದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. ಇರಾನಿಯವರ ಪೂರ್ವಿಕರ ಊರಾದ ಇರಾನ್ ದೇಶದ ಯಜ್ದ್ ನಗರದಿಂದ ಆ ಹೆಸರನ್ನು ತೆಗೆದುಕೊಂಡರು. ೧೯೭೮ರಲ್ಲಿ ರೋಡ್‌ಕಿಂಗ್ ಎಂಬ ಪ್ರಸಿದ್ಧ ಮಾದರಿ ಬಂದಿತು. ೧೯೮೦ರ ದಶಕದಲ್ಲಿ ಎರಡು ಸಿಲಿಂಡರುಗಳ ೩೫೦ರ ಮಾದರಿಯೊಂದು ಬಂದು, ಬೆಲೆ ಹೆಚ್ಚಾಗಿಯೂ ಪೆಟ್ರೋಲಿನ ಖರ್ಚು ಹೆಚ್ಚಾಗಿಯೂ ಇದ್ದುದರಿಂದ ಹೆಚ್ಚು ಕಾಲ ನಿಲ್ಲದೆ ಹೋಯಿತು.

ಕಾರ್ಖಾನೆಯ ಇಳಿಗಾಲಕ್ಕೆ ಕಾರಣಗಳು ಹಲವು. ೧೯೮೪–೮೫ರಲ್ಲಿ ಜಪಾನೀ ಕಂಪೆನಿಗಳ ಸಹಯೋಗದಿಂದ ೧೦೦ ಘನ ಸೆಂಟಿಮೀಟರಿನ ಹಗುರವಾದ ಗಾಡಿಗಳು ಮಾರುಕಟ್ಟೆಗೆ ಬಂದುವು. ಅವು ಒಂದು ಲೀಟರ್ ಪೆಟ್ರೋಲಿನಲ್ಲಿ ಓಡುತ್ತಿದ್ದ ದೂರವು ಹಳೆಯ ಗಾಡಿಗಳಿಗೆ ಕನಸಿನ ಮಾತು. ಹೊಗೆಯ ವಿಷಯದಲ್ಲಿ ಸರ್ಕಾರದ ನಿಯಮಗಳೂ ಬಿಗಿಯಾಗುತ್ತ ಬಂದುವು. ಕೆಲಸಗಾರರಿಗೂ ಆಡಳಿತದವರಿಗೂ ವಿವಾದಗಳೆದ್ದುವು. ಕಡೆಗೆ ೧೯೯೬ರಲ್ಲಿ ಯಾದವಗಿರಿಯ ಕಾರ್ಖಾನೆಯ ಬಾಗಿಲು ಮುಚ್ಚಿತು.

೩

ಕಾರ್ಖಾನೆ ಮುಚ್ಚಿದರೆ ಅದು ಮಾಡಿದ ಯಂತ್ರಗಳೂ ಕೆಲವು ವರ್ಷಗಳಲ್ಲಿ ಕಣ್ಮರೆಯಾಗುವುದು ಲೋಕದ ರೀತಿ. ಬಿಡಿಭಾಗಗಳು ದೊರೆಯವು, ತಿಳಿದವರು ಚದುರುವರು, ಮಾಲೀಕನು ಬೇಸತ್ತು ಗಾಡಿಯನ್ನು ಗುಜರಿಗೆ ತೂಗಿಹಾಕುವನು. ಜಾವಾಗಳ ಪಾಲಿಗೆ ಹಾಗಾಗದಿರಲು ಮೊದಲನೆಯ ಕಾರಣವು ಆ ಇಂಜಿನಿನ ರಚನೆಯಲ್ಲಿಯೇ ಇದೆ. ಅದನ್ನು ಸ್ವಲ್ಪ ವಿವರಿಸಿದಲ್ಲದೆ ಕಸಬುದಾರರ ಕೆಲಸವು ವಾಚಕರಿಗೆ ಸ್ಪಷ್ಟವಾಗದು.

ಅದು ಟೂ ಸ್ಟ್ರೋಕ್ ಎಂದು ಕರೆಯುವ ಜಾತಿಯ ಇಂಜಿನು. ಬೇರೆ ಜಾತಿಯ ಇಂಜಿನುಗಳಲ್ಲಿ ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೆ ಬಿಡುವುದಕ್ಕೂ ಹೊಗೆಯನ್ನು ಹೊರಕ್ಕೆ ಕಳುಹಿಸುವುದಕ್ಕೂ ವಾಲ್ವುಗಳು, ಅವುಗಳನ್ನು ತೆರೆದು ಮುಚ್ಚಲು ಇನ್ನಷ್ಟು ಸಲಕರಣೆಗಳು ಇರುವುವು. ಜಾವಾದಲ್ಲಿ ಅವು ಯಾವುವೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನ್ನೇ ಆ ಕಿಂಡಿಗಳನ್ನು ಮುಚ್ಚುವುದು, ತೆರೆಯುವುದು. ಪಿಸ್ಟನ್, ಅದನ್ನು ಹಿಡಿದ ಕನೆಕ್ಟಿಂಗ್ ರಾಡ್, ಅದು ತಿರುಗಿಸುವ ಕ್ರ್ಯಾಂಕು: ಚಲಿಸುವ ಮುಖ್ಯಾಂಗಗಳು ಈ ಮೂರೇ. ಒಳಭಾಗಗಳಿಗೆ ಎಣ್ಣೆ ಹಾಕಲು ಬೇರೆ ಏರ್ಪಾಡಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಸುರಿಯಬೇಕು. ಆ ಎಣ್ಣೆಯು ಸುಡುವಾಗ ಏಳುವ ನೀಲಿಹೊಗೆಯೂ ಅದರ ವಾಸನೆಯೂ ಒಂದು ತಲೆಮಾರಿನ ಮೈಸೂರಿಗರ ನೆನಪಿನಲ್ಲಿ ಸೇರಿಹೋಗಿವೆ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳು, ಎರಡು ಸೈಲೆನ್ಸರುಗಳು. ಇಂಜಿನನ್ನು ಒದ್ದು ಚಾಲೂ ಮಾಡುವ ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರು ಹಾಕುವ ಲಿವರಾಗುವುದು. ಆ ಲಿವರನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುವಂತೆಯೂ ಒಂದು ಜಾಣತನದ ಏರ್ಪಾಡುಂಟು.

ಇಷ್ಟು ಸರಳವಾದ ಯಂತ್ರವನ್ನು ಬಿಚ್ಚಲು ದೊಡ್ಡ ಕಾರ್ಯಾಗಾರ ಬೇಡ. ನಾಲ್ಕು ಪಾನಗಳು, ಒಂದು ಸುತ್ತಿಗೆ, ಚಕ್ರಗಳನ್ನು ಎಳೆದು ತೆಗೆಯುವ ಎರಡು ಪುಲ್ಲರುಗಳು ಇದ್ದರೆ ಸಾಕು. ಮರದ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಇಂಜಿನನ್ನು ಬಿಡಿಬಿಡಿಯಾಗಿ ಮಾಡಬಹುದು. ಆದರೆ ಬಿಚ್ಚುವುದು ಸುಲಭವೆಂದ ಮಾತ್ರಕ್ಕೆ ಕಟ್ಟುವುದು ಸುಲಭವಲ್ಲ. ಕಸಬುದಾರನ ವಿದ್ಯೆ ಆರಂಭವಾಗುವುದು ಅಲ್ಲಿಯೇ.

೪

ಗಾಡಿಯೊಂದು ಅಂಗಡಿಯ ಮುಂದೆ ಬಂದು ನಿಂತಾಗ ಅನುಭವಿಯಾದ ಮೇಸ್ತ್ರಿಯು ಪಾನಕ್ಕೆ ಕೈಹಾಕುವ ಮೊದಲು ಕಿವಿಯನ್ನೂ ಮೂಗನ್ನೂ ಉಪಯೋಗಿಸುವನು. ಹೊಗೆಯು ಬಿಳಿಯಾಗಿ ದಟ್ಟವಾಗಿದ್ದು, ಗೇರುಬಾಕ್ಸಿನ ಎಣ್ಣೆಯ ವಾಸನೆ ಬಂದರೆ, ಕ್ಲಚ್ಚಿನ ಕಡೆಯ ಆಯಿಲ್ ಸೀಲು ಸವೆದು ಇಂಜಿನು ಆ ಎಣ್ಣೆಯನ್ನು ಹೀರುತ್ತಿದೆಯೆಂದು ತಿಳಿಯುವನು. ಹೊಗೆಯೇ ಕಡಿಮೆಯಾಗಿ, ವೇಗವು ತಾನಾಗಿ ಏರಿ, ಇಂಜಿನು ಬೇಗ ಕಾದರೆ, ಡೈನಮೊ ಕಡೆಯ ಸೀಲಿನಿಂದ ಗಾಳಿಯು ಒಳನುಗ್ಗುತ್ತಿದೆಯೆಂಬುದು ಅವನ ನಿರ್ಣಯ. ಈ ಎರಡನೆಯದನ್ನು ಅಲಕ್ಷ್ಯಮಾಡಿದರೆ ಪಿಸ್ಟನು ಕಾದು ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಗಾಡಿಯ ಬಲ ಕುಂದಿದ್ದರೆ ಮೊದಲು ಸೈಲೆನ್ಸರುಗಳನ್ನು ಬಿಚ್ಚಿ ನೋಡುವನು. ಸುಟ್ಟ ಎಣ್ಣೆಯ ಮಸಿಯು ಒಳಗೆ ಗಟ್ಟಿಕಟ್ಟಿ ಹೊಗೆಯ ದಾರಿಯನ್ನು ಅಡ್ಡಗಟ್ಟಿರುವುದುಂಟು. ವೈದ್ಯನು ನಾಡಿಯನ್ನು ಹಿಡಿಯುವಂತೆ ಮೇಸ್ತ್ರಿಯು ಕಿಕ್ಕರನ್ನು ಕೈಯಿಂದ ಮೆಲ್ಲನೆ ಒತ್ತಿ, ಒಳಗಿನ ಒತ್ತಡವೆಷ್ಟಿದೆಯೆಂದು ನೋಡುವನು. ಇಷ್ಟು ಪರೀಕ್ಷೆಯು ಮುಗಿಯುವುದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಕಾಗದು. ಆ ಐದು ನಿಮಿಷಗಳ ಹಿಂದೆ ಇಪ್ಪತ್ತು ಮೂವತ್ತು ವರ್ಷಗಳ ಅಭ್ಯಾಸವಿರುವುದು.

ಸವೆದ ಸಿಲಿಂಡರನ್ನು ಸರಿಪಡಿಸುವುದು ಮತ್ತೊಂದು ಕೆಲಸ. ೨೫೦ರ ಜಾವಾದಲ್ಲಿ ಸಿಲಿಂಡರಿನ ಒಳವ್ಯಾಸವು ೬೫ ಮಿಲಿಮೀಟರು, ಪಿಸ್ಟನ್ ಓಡುವ ಉದ್ದವು ೭೫ ಮಿಲಿಮೀಟರು. ಒಳಗೋಡೆಯು ಸವೆದು ಅಂಡಾಕಾರವಾದಾಗ ಅದನ್ನು ಕೊಂಚ ಕೊರೆದು ಮತ್ತೆ ದುಂಡಗೆ ಮಾಡಿ, ಅದಕ್ಕೆ ತಕ್ಕಂತೆ ಕೊಂಚ ದೊಡ್ಡದಾದ ಪಿಸ್ಟನನ್ನು ಹಾಕಬೇಕು. ಹೀಗೆ ಕೆಲವು ಸಲ ಮಾಡಿದ ಮೇಲೆ ಕೊರೆಯಲು ಲೋಹ ಉಳಿಯದು. ಆಗ ಎರಕದ ಕಬ್ಬಿಣದ ಹೊಸ ಲೈನರನ್ನು ಕೂರಿಸಿ, ಅದರಲ್ಲಿ ಕಿಂಡಿಗಳನ್ನು ಮೊದಲಿದ್ದ ಸ್ಥಾನದಲ್ಲಿಯೇ ಕತ್ತರಿಸಿ, ಮತ್ತೆ ಮೊದಲಿನ ಅಳತೆಗೆ ತರುವರು. ಕಿಂಡಿಯ ಅಂಚು ಸ್ವಲ್ಪ ಮೇಲೆ ಕೆಳಗೆ ಆದರೂ ಇಂಜಿನಿನ ಸ್ವಭಾವವೇ ಬದಲಾಗುವುದು.

ಇವೆಲ್ಲಕ್ಕಿಂತಲೂ ಕಠಿಣವಾದುದು ಕ್ರ್ಯಾಂಕಿನ ಕೆಲಸ. ಎರಡು ಭಾರವಾದ ಬಿಲ್ಲೆಗಳ ನಡುವೆ ಒಂದು ಪಿನ್ನನ್ನು ಒತ್ತಿ ಕೂರಿಸಿರುವುದೇ ಕ್ರ್ಯಾಂಕು. ಕನೆಕ್ಟಿಂಗ್ ರಾಡಿನ ಬುಡದ ರೋಲರುಗಳು ಸವೆದಾಗ ಆ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಹೊರತೆಗೆದು, ಹೊಸ ಪಿನ್ನು, ರೋಲರು, ರಾಡುಗಳನ್ನು ಹಾಕಿ ಮತ್ತೆ ಒತ್ತಬೇಕು. ಒತ್ತಿದ ಬಳಿಕ ಎರಡು ಬಿಲ್ಲೆಗಳೂ ಒಂದೇ ಅಕ್ಷದ ಮೇಲೆ ನಿಂತಿರುವುವೇ ಎಂಬುದನ್ನು ಲೇತಿನ ಮೇಲೆ ತಿರುಗಿಸಿ ಡಯಲ್ ಗೇಜಿನಿಂದ ಅಳೆಯುವರು. ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಓರೆಯಿದ್ದರೂ ಇಂಜಿನು ನಡುಗುವುದು, ಬೇರಿಂಗುಗಳು ಬೇಗ ಹಾಳಾಗುವುವು. ಓರೆಯನ್ನು ಸರಿಪಡಿಸಲು ಮೇಸ್ತ್ರಿಯು ಹಿತ್ತಾಳೆಯ ಸುತ್ತಿಗೆಯಿಂದ ಬಿಲ್ಲೆಯ ಅಂಚಿಗೆ ಒಂದೇಟು ಹಾಕುವನು. ಎಲ್ಲಿ ಹೊಡೆಯಬೇಕು, ಎಷ್ಟು ಬಲವಾಗಿ ಹೊಡೆಯಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಕೈಯಿಂದ ಕೈಗೆ ಬಂದ ವಿದ್ಯೆ.

ಈ ವಿದ್ಯೆಯನ್ನು ಕಲಿಸುವ ರೀತಿಯೂ ಹಳೆಯ ಗುರುಕುಲದ ಕ್ರಮವನ್ನೇ ಹೋಲುವುದು. ಹುಡುಗನು ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಅಂಗಡಿಗೆ ಬರುತ್ತಿದ್ದನು. ಮೊದಲ ಕೆಲವು ತಿಂಗಳು ಕಸ ಗುಡಿಸುವುದು, ಚಹಾ ತರುವುದು, ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು. ಆಮೇಲೆ ಚಕ್ರ ಬಿಚ್ಚುವುದು, ಪಂಕ್ಚರು ಹಾಕುವುದು. ಇಂಜಿನಿನ ಮೇಲೆ ಕೈಯಿಡಲು ಎರಡು ಮೂರು ವರ್ಷಗಳೇ ಹಿಡಿಯುತ್ತಿದ್ದುವು. ಗುರುವನ್ನು ಕೆಲವೆಡೆ ಉಸ್ತಾದರೆಂದೂ ಕೆಲವೆಡೆ ಅಣ್ಣನೆಂದೂ ಮೇಸ್ತ್ರಿಯೆಂದೂ ಕರೆಯುವರು. ಬೆಂಗಳೂರು ಮೈಸೂರುಗಳ ಮಳಿಗೆಗಳಲ್ಲಿ ಕನ್ನಡ, ದಖನಿ, ತಮಿಳುಗಳು ಕಲೆತ ಒಂದು ಕಸಬಿನ ಭಾಷೆಯೇ ಬೆಳೆದಿರುವುದು. ಎಳೆಯ ಹುಡುಗರನ್ನು ದುಡಿಸಿಕೊಳ್ಳುವ ಆ ಪದ್ಧತಿಯನ್ನು ಕಾನೂನು ನಿಷೇಧಿಸಿದೆ, ಅದು ನ್ಯಾಯವೇ. ಆದರೆ ಅದರ ಸ್ಥಳದಲ್ಲಿ ಈ ವಿದ್ಯೆಯನ್ನು ಕಲಿಸುವ ಬೇರೊಂದು ಶಾಲೆ ಏರ್ಪಡಲಿಲ್ಲವೆಂಬುದೂ ಅಷ್ಟೇ ನಿಜ.

೫

೧೯೯೬ರ ಬಳಿಕ ಈ ಅಂಗಡಿಗಳ ಸ್ಥಿತಿಯು ಬದಲಾಯಿತು. ಕಾರ್ಖಾನೆ ನಡೆಯುತ್ತಿದ್ದಾಗ ಅವು ಏಜೆಂಟರ ಷೋರೂಮಿಗೆ ಹೋಗಲಾರದವರ ಅಗ್ಗದ ಆಶ್ರಯಗಳಾಗಿದ್ದುವು. ಮುಚ್ಚಿದ ಮೇಲೆ ಅವೇ ಕೊನೆಯ ಆಶ್ರಯಗಳಾದುವು. ಕೆಲಸ ಕಳೆದುಕೊಂಡ ಕಾರ್ಖಾನೆಯ ನೌಕರರಲ್ಲಿ ಕೆಲವರು ತಾವೇ ದುರಸ್ತಿಯ ಮಳಿಗೆಗಳನ್ನು ತೆರೆದರು. ವರ್ಷಗಳ ಕಾಲ ಒಂದೇ ಭಾಗವನ್ನು ಜೋಡಿಸುತ್ತಿದ್ದವರು ಈಗ ಇಡೀ ಗಾಡಿಯನ್ನು ನೋಡಿಕೊಳ್ಳಬೇಕಾಯಿತು. ಕಾರ್ಖಾನೆಯ ಶಿಸ್ತೂ ಬೀದಿಯ ಜಾಣತನವೂ ಹೀಗೆ ಒಂದೆಡೆ ಕೂಡಿದುವು.

ಬಿಡಿಭಾಗಗಳ ಪ್ರಶ್ನೆಯು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ನಾಲ್ಕು ದಾರಿಗಳು ಕಂಡುವು. ಮೊದಲನೆಯದು, ಹಳೆಯ ಏಜೆಂಟರ ಉಗ್ರಾಣಗಳಲ್ಲಿ ಉಳಿದಿದ್ದ ದಾಸ್ತಾನು. ಮೇಣದ ಕಾಗದದಲ್ಲಿ ಸುತ್ತಿದ ಹೊಸ ಭಾಗವೊಂದು ದೊರೆತರೆ ಹಬ್ಬವಾದಂತೆ. ಆದರೆ ಆ ಭಂಡಾರವು ಬರಿದಾಗುತ್ತ ಹೋಗುವುದು ಅನಿವಾರ್ಯ. ಎರಡನೆಯದು, ಗುಜರಿ. ಬೆಂಗಳೂರಿನ ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳೂ ಜೆ. ಸಿ. ರಸ್ತೆಯ ಬಿಡಿಭಾಗದ ಮಳಿಗೆಗಳೂ ಇಂತಹ ಹುಡುಕಾಟಕ್ಕೆ ಹೆಸರಾದ ಸ್ಥಳಗಳು. ಸತ್ತ ಗಾಡಿಯೊಂದು ಬದುಕಿರುವ ಮೂರು ಗಾಡಿಗಳಿಗೆ ಅಂಗದಾನ ಮಾಡುವುದು. ಮೂರನೆಯದು, ಸ್ಥಳೀಯ ತಯಾರಿಕೆ. ಬುಷ್ಷು, ಪಿನ್ನು, ಸ್ಪಿಂಡಲ್ಲುಗಳನ್ನು ಲೇತಿನವನು ಹಳೆಯದನ್ನು ಅಳೆದು ಹೊಸದಾಗಿ ಕಡೆದುಕೊಡುವನು. ರಬ್ಬರಿನ ಭಾಗಗಳನ್ನು ಸಣ್ಣ ಅಚ್ಚುಗಳಲ್ಲಿ ಎರೆಯುವರು. ಸೈಲೆನ್ಸರುಗಳನ್ನು ತಗಡಿನಿಂದ ಸುತ್ತಿ ಬೆಸುಗೆ ಹಾಕಿ ಕ್ರೋಮಿಯಂ ಲೇಪ ಕೊಡಿಸುವರು. ನಾಲ್ಕನೆಯದು, ಮೂಲದೇಶ. ಚೆಕ್ ದೇಶದಲ್ಲಿ ಹಳೆಯ ಜಾವಾಗಳಿಗೆ ಇಂದಿಗೂ ಭಾಗಗಳನ್ನು ತಯಾರಿಸುವವರಿದ್ದಾರೆ. ಮೈಸೂರಿನ ಮೊದಲ ಮಾದರಿಗಳು ಅಲ್ಲಿಯವುಗಳ ಪ್ರತಿರೂಪಗಳೇ ಆದುದರಿಂದ ಹಲವು ಭಾಗಗಳು ಇಲ್ಲಿಗೂ ಹೊಂದುವುವು.

ಇವುಗಳ ನಡುವೆ ನಕಲಿ ಭಾಗಗಳ ಕಾಟವೂ ಸೇರಿಕೊಂಡಿತು. ಹೊರಗಿನಿಂದ ಥಳಥಳಿಸುವ ಗೇರು ಹದಮಾಡದ ಉಕ್ಕಿನದಾಗಿದ್ದರೆ ಕೆಲವೇ ತಿಂಗಳುಗಳಲ್ಲಿ ಹಲ್ಲುಗಳನ್ನು ಉದುರಿಸುವುದು. ಗಿರಾಕಿಗೆ ಅದು ತಿಳಿಯದು. ಹೊಸ ನಕಲಿಯನ್ನು ಹಾಕಿ ಹಣ ಎಣಿಸಿಕೊಳ್ಳುವುದೇ, ಸವೆದಿದ್ದರೂ ಗಟ್ಟಿಯಾದ ಹಳೆಯದನ್ನೇ ತಿದ್ದಿ ಹಾಕುವುದೇ ಎಂಬ ಆಯ್ಕೆಯು ಪ್ರತಿದಿನವೂ ಮೇಸ್ತ್ರಿಯ ಎದುರಿಗೆ ಬರುವುದು. ಅಂಗಡಿಯ ಹೆಸರು ಉಳಿಯುವುದೂ ಅಳಿಯುವುದೂ ಆ ಆಯ್ಕೆಯಿಂದಲೇ.

ಇತರ ದೇಶಗಳಲ್ಲಿ ಇದೇ ಕಷ್ಟವನ್ನು ಎದುರಿಸಿದ ರೀತಿಯನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿನ ಸ್ಟೀವನೇಜಿನಲ್ಲಿ ತಯಾರಾಗುತ್ತಿದ್ದ ವಿನ್ಸೆಂಟ್ ಎಂಬ ಶಕ್ತಿವಂತವಾದ ಮೋಟಾರು ಸೈಕಲ್ಲುಗಳ ತಯಾರಿಕೆಯು ೧೯೫೫ರಲ್ಲಿ ನಿಂತುಹೋಯಿತು. ಕಾಲಕ್ರಮದಲ್ಲಿ ಅದರ ಮಾಲೀಕರ ಸಂಘದವರು ಬಿಡಿಭಾಗಗಳಿಗಾಗಿಯೇ ಒಂದು ಕಂಪೆನಿಯನ್ನು ಏರ್ಪಡಿಸಿಕೊಂಡು, ಬೇಕಾದುದನ್ನು ತಾವೇ ಮಾಡಿಸುತ್ತ ಬಂದರು. ಅಲ್ಲಿ ಮಾಲೀಕರ ಹಣವೂ ಸಂಘಟನೆಯೂ ಮುಂದೆ ನಿಂತುವು. ಇಲ್ಲಿಯಾದರೋ ಮುಂದೆ ನಿಂತುದು ಬಡ ಕಸಬುದಾರನ ಕೈಚಳಕ. ವಿನ್ಸೆಂಟನ್ನು ಉಳಿಸಿದುದು ಅಭಿಮಾನ. ಜಾವಾವನ್ನು ಮೊದಲ ಹತ್ತು ಹದಿನೈದು ವರ್ಷ ಉಳಿಸಿದುದು ಅವಶ್ಯಕತೆ. ಹೊಸ ಗಾಡಿಯನ್ನು ಕೊಳ್ಳಲಾರದವನು ಹಳೆಯದನ್ನು ರಿಪೇರಿ ಮಾಡಿಸಿಕೊಳ್ಳುತ್ತಿದ್ದನು. ಅವನ ಅವಶ್ಯಕತೆಯೇ ಮೇಸ್ತ್ರಿಯ ಅನ್ನವಾಗಿದ್ದಿತು.

೬

ಕಾಲವು ಮತ್ತೊಮ್ಮೆ ಮಗ್ಗುಲಾಯಿತು. ಒಮ್ಮೆ ತೂಕಕ್ಕೆ ಹೋಗುತ್ತಿದ್ದ ಗಾಡಿಗಳಿಗೆ ಕ್ರಮೇಣ ಬೆಲೆ ಏರಿತು. ತಂದೆಯ ಗಾಡಿಯನ್ನು ನೆನೆದು ಮಕ್ಕಳು ಹುಡುಕಿ ಬಂದರು. ಊರೂರುಗಳಲ್ಲಿ ಸಂಘಗಳೇರ್ಪಟ್ಟುವು; ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ಪದ್ಧತಿ ಬೆಳೆಯಿತು. ಜಾವಾ ಎಂಬ ಹೆಸರಿನ ಹೊಸ ಗಾಡಿಗಳು ೨೦೧೮ರಲ್ಲಿಯೂ, ಯೆಜ್ಡಿ ಎಂಬ ಹೆಸರಿನವು ೨೦೨೨ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದುವು. ಆದರೆ ಅವು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದ, ನಾಲ್ಕು ಹೊಡೆತದ, ನೀರಿನಿಂದ ತಣಿಯುವ ಇಂಜಿನುಗಳುಳ್ಳವು. ಹೆಸರು ಒಂದೇ ಆದರೂ ಹೊಸದರ ಇಂಜಿನು ಹಳೆಯದರ ಸಹಾಯಕ್ಕೆ ಬಾರದು. ಹಳೆಯ ಗಾಡಿಗೆ ಹಳೆಯ ಮೇಸ್ತ್ರಿಯೇ ಗತಿ.

ಹೀಗೆ ಅಂಗಡಿಗೆ ಎರಡು ಬಗೆಯ ಗಿರಾಕಿಗಳಾದರು. ಒಬ್ಬನಿಗೆ ಗಾಡಿಯು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿದ್ದಿತೋ ಹಾಗೆಯೇ ಆಗಬೇಕು. ಬಣ್ಣ, ಗೆರೆ, ದೀಪದ ಗಾಜು, ತಿರುಪುಮೊಳೆ ಎಲ್ಲವೂ ಮೂಲದಂತಿರಬೇಕು. ಮತ್ತೊಬ್ಬನಿಗೆ ಗಾಡಿಯು ನಾಳೆ ಬೆಳಗ್ಗೆ ಚಾಲೂ ಆಗಬೇಕು. ಅದಕ್ಕಾಗಿ ಆರು ವೋಲ್ಟಿನ ವಿದ್ಯುತ್ತು ಹನ್ನೆರಡು ವೋಲ್ಟಾದರೂ, ಕಾರ್ಬುರೇಟರು ಬೇರೆ ಗಾಡಿಯದಾದರೂ ಅವನಿಗೆ ಚಿಂತೆಯಿಲ್ಲ. ಮೊದಲನೆಯವನು ರೂಪವನ್ನು ಕಾಪಾಡುವನು, ಎರಡನೆಯವನು ಬಳಕೆಯನ್ನು ಕಾಪಾಡುವನು. ಮೇಸ್ತ್ರಿಗೆ ಹೆಚ್ಚು ಹಣ ಬರುವುದು ಮೊದಲನೆಯವನಿಂದ. ಅವನ ವಿದ್ಯೆಗೆ ದಿನದಿನವೂ ಸಾಣೆ ಹಿಡಿಯುವವನು ಎರಡನೆಯವನು. ಗಾಡಿಗಳೆಲ್ಲ ಗಾಜಿನ ಹಿಂದೆ ನಿಂತುಬಿಟ್ಟರೆ ಅವು ಉಳಿದಾವು, ಆದರೆ ಅವುಗಳ ನಾಡಿಯನ್ನು ಬಲ್ಲ ಕೈಗಳು ಉಳಿಯಲಾರವು.

ಸರ್ಕಾರದ ನಿಯಮಗಳಲ್ಲಿಯೂ ಇದೇ ಭೇದವು ಕಾಣುವುದು. ೨೦೨೧ರಲ್ಲಿ ಕೇಂದ್ರ ಸರ್ಕಾರವು ೫೦ ವರ್ಷಗಳಿಗೆ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗಾಗಿ ಪ್ರತ್ಯೇಕ ನೋಂದಣಿಯ ನಿಯಮವನ್ನು ಹೊರಡಿಸಿತು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ, ಮರುನೋಂದಣಿಗೆ ೫,೦೦೦ ರೂಪಾಯಿ ಶುಲ್ಕವನ್ನು ಗೊತ್ತುಮಾಡಿತು. ಅಂತಹ ವಾಹನಗಳನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದ ಕಾರ್ಯಗಳಿಗೆ ಓಡಿಸಬಹುದಲ್ಲದೆ ದಿನಬಳಕೆಗೆ ಓಡಿಸಕೂಡದೆಂದು ವಿಧಿಸಿತು. ಬಳಕೆಯ ಗಾಡಿಯವರಾದರೋ ಹದಿನೈದು ವರ್ಷ ಮೀರಿದ ಬಳಿಕ ಆಗಾಗ ನೋಂದಣಿಯನ್ನು ನವೀಕರಿಸಬೇಕು; ಮೋಟಾರು ಸೈಕಲ್ಲುಗಳ ಈ ಶುಲ್ಕವು ೨೦೨೨ರ ಏಪ್ರಿಲಿನಲ್ಲಿ ೩೦೦ ರೂಪಾಯಿಯಿಂದ ೧,೦೦೦ ರೂಪಾಯಿಗೆ ಏರಿತು.

ಸರ್ಕಾರದ ಪಕ್ಷದಲ್ಲಿಯೂ ನ್ಯಾಯವಿಲ್ಲವೆನ್ನುವಂತಿಲ್ಲ. ಟೂ ಸ್ಟ್ರೋಕ್ ಇಂಜಿನಿನ ಹೊಗೆಯಲ್ಲಿ ಸುಡದೆ ಉಳಿದ ಎಣ್ಣೆಯೂ ಪೆಟ್ರೋಲೂ ಬೆರೆತಿರುವುವು. ಅದು ಉಸಿರಾಟಕ್ಕೆ ಒಳ್ಳೆಯದಲ್ಲ. ಲಕ್ಷಾಂತರ ಗಾಡಿಗಳು ಹಾಗೆ ಹೊಗೆಯುಗುಳುತ್ತಿದ್ದರೆ ನಗರಗಳಲ್ಲಿ ಬದುಕುವುದೇ ಕಷ್ಟವಾದೀತು. ಆದರೆ ಉಳಿದಿರುವ ಜಾವಾಗಳು ಇಂದಿನ ವಾಹನಸಮುದ್ರದಲ್ಲಿ ಒಂದು ಹನಿ. ಎಣ್ಣೆಯನ್ನು ಅಳತೆಗೆ ಬೆರೆಸಿ, ಸೀಲುಗಳನ್ನು ಸರಿಯಾಗಿಟ್ಟ ಗಾಡಿಯು ಕೆಟ್ಟ ಗಾಡಿಗಿಂತ ಬಹಳ ಕಡಿಮೆ ಹೊಗೆಯನ್ನು ಬಿಡುವುದೆಂಬುದೂ ಗಮನಾರ್ಹ. ಒಳ್ಳೆಯ ಮೇಸ್ತ್ರಿಯು ಆ ಅರ್ಥದಲ್ಲಿ ಊರಿನ ಗಾಳಿಗೂ ಉಪಕಾರಿಯೇ.

ಇನ್ನೊಂದು ತೊಡಕು ಪೆಟ್ರೋಲಿನಲ್ಲಿಯೇ ಸೇರಿ ಬಂದಿತು. ಕಬ್ಬು ಮತ್ತು ಧಾನ್ಯಗಳಿಂದ ಇಳಿಸಿದ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣವು ೨೦೨೫ರ ಹೊತ್ತಿಗೆ ನೂರಕ್ಕೆ ೨೦ ಪಾಲಾಯಿತು. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುವುದು. ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಹಿಡಿಯುವುದು. ಹಳೆಯ ಕಾಲದ ರಬ್ಬರು, ಬೆಂಡಿನ ಭಾಗಗಳು ಮೆತ್ತಗಾಗಿ ಕೆಡುವುವು. ಮೇಸ್ತ್ರಿಗಳು ಇದಕ್ಕೂ ಮದ್ದು ಹುಡುಕುತ್ತಿದ್ದಾರೆ: ಟ್ಯಾಂಕಿನ ಒಳಗೆ ಲೇಪ ಹಾಕುವುದು, ಎಥನಾಲನ್ನು ತಡೆಯುವ ರಬ್ಬರಿನ ನಳಿಗೆಗಳನ್ನು ಜೋಡಿಸುವುದು, ಗಾಡಿಯನ್ನು ಬಹುಕಾಲ ನಿಲ್ಲಿಸುವಾಗ ಪೆಟ್ರೋಲನ್ನು ಬಸಿದಿಡುವುದು.

೭

ಇವೆಲ್ಲ ತೊಡಕುಗಳನ್ನು ಗೆಲ್ಲಬಹುದು. ಗೆಲ್ಲಲು ಕಷ್ಟವಾದುದು ಒಂದೇ: ಮುಂದಿನವರು ಯಾರು ಎಂಬ ಪ್ರಶ್ನೆ. ಕಾರ್ಖಾನೆ ಮುಚ್ಚಿದಾಗ ಮೂವತ್ತು ವರ್ಷದವರಾಗಿದ್ದ ಕಸಬುದಾರರು ಈಗ ಅರವತ್ತನ್ನು ಮುಟ್ಟಿದ್ದಾರೆ. ಕಣ್ಣು ಮಂಜಾಗುತ್ತಿದೆ; ಭಾರವಾದ ಇಂಜಿನನ್ನು ಎತ್ತಲು ನಡುವು ಒಪ್ಪುತ್ತಿಲ್ಲ. ಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋಗಿದ್ದಾರೆ. ತಂದೆಯು ಬೆವರು ಸುರಿಸಿ ಓದಿಸಿದುದೂ ಅದಕ್ಕಾಗಿಯೇ. ಅವರನ್ನು ಯಾರೂ ದೂರುವಂತಿಲ್ಲ. ಹೊಸ ಹುಡುಗರು ಕಲಿಯುವುದಾದರೆ ಹೊಸ ಗಾಡಿಗಳ ಕೆಲಸವನ್ನೇ ಕಲಿಯುವರು. ಅಲ್ಲಿ ದೋಷವನ್ನು ಹೇಳುವುದು ಮೇಸ್ತ್ರಿಯ ಕಿವಿಯಲ್ಲ, ವಿದ್ಯುತ್ತಿನ ಪೆಟ್ಟಿಗೆ. ಕೆಟ್ಟ ಭಾಗವನ್ನು ತಿದ್ದುವ ಪದ್ಧತಿಯೂ ಅಲ್ಲಿಲ್ಲ. ತೆಗೆದು ಎಸೆದು ಹೊಸದನ್ನು ಹಾಕುವುದೇ ಕ್ರಮ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಕುಲುಮೆಯವನು ಗುಳವನ್ನು ಹತ್ತು ಸಲ ಹಣಿದುಕೊಡುತ್ತಿದ್ದನು. ಬಡಗಿಯು ಬಂಡಿಯ ಗಾಲಿಗೆ ಒಂದೊಂದೇ ಅರವನ್ನು ಹೊಸದಾಗಿ ಹಾಕಿ ಗಾಲಿಯನ್ನು ಉಳಿಸುತ್ತಿದ್ದನು. ವಸ್ತುವು ಕೆಟ್ಟರೆ ಸರಿಪಡಿಸಬೇಕೆಂಬುದು ಅಂದಿನ ಬಾಳಿನ ನೀತಿಯಾಗಿದ್ದಿತು. ಜಾವಾ ಮೇಸ್ತ್ರಿಯು ಆ ಕುಲುಮೆಯ, ಆ ಬಡಗಿಯ ನೇರ ವಾರಸುದಾರ. ಅವನ ಅಂಗಡಿಯು ಮುಚ್ಚಿದರೆ ಹೋಗುವುದು ಒಂದು ಜಾತಿಯ ಮೋಟಾರು ಸೈಕಲ್ಲು ಮಾತ್ರವಲ್ಲ. ಸರಿಪಡಿಸಿ ಬಾಳುವ ಒಂದು ಬುದ್ಧಿಯೇ ಕುಗ್ಗುವುದು.

ಆದುದರಿಂದ ಆಗಬೇಕಾದ ಕೆಲಸವೊಂದುಂಟು. ಅದು ದೊಡ್ಡ ಖರ್ಚಿನದೂ ಅಲ್ಲ. ಈ ಕಸಬುದಾರರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ವಿದ್ಯೆಯನ್ನು ಬರೆದಿಡ ಬೇಕು. ಕ್ರ್ಯಾಂಕನ್ನು ನೇರಮಾಡುವ ಕ್ರಮ, ಕಿಂಡಿಗಳ ಅಳತೆ, ಸೀಲಿನ ದೋಷವನ್ನು ಹೊಗೆಯಿಂದ ಗುರುತಿಸುವ ರೀತಿ, ಅವರು ಬಳಸುವ ಕಸಬಿನ ಮಾತುಗಳು ಇವೆಲ್ಲವೂ ಕನ್ನಡದಲ್ಲಿ ದಾಖಲೆಯಾಗಬೇಕು. ಶಾಸನಗಳನ್ನೂ ಓಲೆಗರಿಗಳನ್ನೂ ಹುಡುಕಿ ತೆಗೆದ ಶ್ರದ್ಧೆಯಲ್ಲಿ ಒಂದಂಶವು ಇತ್ತ ತಿರುಗಿದರೂ ಸಾಕು. ಕೈಗಾರಿಕಾ ತರಬೇತಿಯ ಶಾಲೆಗಳಲ್ಲಿ ಹಳೆಯ ಇಂಜಿನೊಂದನ್ನು ಮೇಜಿನ ಮೇಲಿಟ್ಟು, ಇಂತಹ ಹಿರಿಯನೊಬ್ಬನನ್ನು ವರ್ಷಕ್ಕೆ ಕೆಲವು ದಿನ ಕರೆಸಿ, ವಿದ್ಯಾರ್ಥಿಗಳ ಮುಂದೆ ಬಿಚ್ಚಿ ಕಟ್ಟಿಸಿದರೆ ಇನ್ನೂ ಒಳಿತು. ಹೊಸ ಯಂತ್ರದಲ್ಲಿ ಮುಚ್ಚಿಹೋಗಿರುವ ತತ್ವಗಳೆಲ್ಲ ಹಳೆಯ ಯಂತ್ರದಲ್ಲಿ ಕಣ್ಣಿಗೆ ಕಾಣುವಂತಿವೆ.

ಮೈಸೂರಿನಲ್ಲಿ ಆಯುಧಪೂಜೆಯ ದಿನ ಈ ಸಣ್ಣ ಮಳಿಗೆಗಳನ್ನು ನೋಡಬೇಕು. ವರ್ಷವೆಲ್ಲ ಎಣ್ಣೆಯಲ್ಲಿ ಮುಳುಗಿದ್ದ ಪಾನಗಳೂ ಸುತ್ತಿಗೆಗಳೂ ಅಂದು ತೊಳೆಸಿಕೊಂಡು ಮಣೆಯ ಮೇಲೆ ಸಾಲಾಗಿ ಕುಳಿತಿರುವುವು. ಅವುಗಳಿಗೆ ಕುಂಕುಮ, ಸೇವಂತಿಗೆ. ಬಾಗಿಲಲ್ಲಿ ಬೂದುಗುಂಬಳದ ಹೋಳು. ಹೊರಗೆ ಐವತ್ತು ಅರವತ್ತು ವರ್ಷದ ಗಾಡಿಗಳು ಹೂವಿನ ಹಾರ ಹಾಕಿಕೊಂಡು ನಿಂತಿರುವುವು. ಪೂಜೆ ಮುಗಿದ ಮೇಲೆ ಮೇಸ್ತ್ರಿಯು ನಿಂಬೆಹಣ್ಣುಗಳನ್ನು ಚಕ್ರದಡಿಯಲ್ಲಿಟ್ಟು, ಕಿಕ್ಕರನ್ನು ಒಂದು ಸಲ ಒದೆಯುವನು. ಯಾದವಗಿರಿಯಲ್ಲಿ ಎಂದೋ ನಿಂತುಹೋದ ಸದ್ದು ಗಲ್ಲಿಯಲ್ಲಿ ಮತ್ತೆ ಏಳುವುದು. ಆ ಸದ್ದಿನ ಋಣವು ಯಾರಿಗೆ ಸಲ್ಲಬೇಕೆಂಬುದನ್ನು ಊರು ಮರೆಯದಿರಲಿ.